ಕಾಲು ಕಾಣದ ಗಿರಾಕಿಗಳಿಗೆ ಬೆಲೆ ಕಟ್ಟುವ ಶರಣವ್ವ

ಬೆಳಗಿನ ಐದು ಗಂಟೆ ಹದಿನೆಂಟು ನಿಮಿಷ. ಹುಬ್ಬಳ್ಳಿ ಧಾರವಾಡಗಳ ನಡುವಿನ ರಾಯಾಪುರದ ರಸ್ತೆ ಬದಿಯ ಮೂರಂತಸ್ತಿನ ಕಟ್ಟಡದಲ್ಲಿ ಮೇಲಿನ ಮಹಡಿಯ ಒಂದೇ ಒಂದು ಕಿಟಕಿಗೆ ಬೆಳಕಿದೆ. ಒಳಗೆ ಶರಣವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ತೆರೆಯ ಮೇಲೆ ಒಂದು ಊರಿದೆ. ಪುಟ್ಟ ಪುಟ್ಟ ಮನೆಗಳು, ಮನೆಗೊಂದು ದೀಪ. ಎರಡು ನಿಮಿಷ ಕಳೆದರೆ ಲಕ್ಷಕ್ಕೂ ಹೆಚ್ಚು ಫೋನುಗಳು ಒಮ್ಮೆಗೇ ಮಿಣಕ್ಕೆನ್ನುತ್ತವೆ. ಆಮೇಲೆ ಹತ್ತು ನಿಮಿಷ ಶರಣವ್ವ ಯಾರೊಂದಿಗೂ ಮಾತಾಡುವುದಿಲ್ಲ.

ಆಟದ ಹೆಸರು ‘ದೀಪದೂರು’. ಫೋನಿನಲ್ಲಿ ಪುಕ್ಕಟೆಯಾಗಿ ಇಳಿಸಿಕೊಂಡು ಆಡುವ ಆಟ. ನಿಮಗೊಂದು ಊರು ಕೊಡುತ್ತಾರೆ. ಅದರ ದೀಪಗಳನ್ನು ಉರಿಸಿಕೊಂಡು ಹೋಗುವುದು ನಿಮ್ಮ ಕೆಲಸ. ಆಟದ ಗಡಿಯಾರ ಮಾತ್ರ ನಮ್ಮದಲ್ಲ, ಲಂಡನ್ ಕಡೆಯದು. ಅಲ್ಲಿ ನಡುರಾತ್ರಿ ದಿನ ಮಗ್ಗುಲು ಬದಲಿಸುವಾಗ ಇಲ್ಲಿ ನಸುಕಿನ ಐದೂವರೆ. ಆ ಹೊತ್ತಿಗೆ ಸರಿಯಾಗಿ ಎಲ್ಲರ ದೀಪದ ಎಣ್ಣೆಯೂ ತೀರುತ್ತದೆ. ರೊಕ್ಕ ಕೊಟ್ಟರೆ ಕೊಟ್ಟ ಮನೆಯ ದೀಪ ನಂದದೆ ಉಳಿಯುತ್ತದೆ. ಕೊಡದಿದ್ದರೆ ಆರು ತಾಸು ಊರು ಕತ್ತಲಲ್ಲಿರುತ್ತದೆ. ಅಷ್ಟರಲ್ಲಿ ಆಟದ ಹೊಲದಲ್ಲಿ ಎಳ್ಳು ಬೆಳೆದು ಎಣ್ಣೆ ತಾನಾಗಿ ಬರುತ್ತದೆ. “ಕಾಯಾವ್ರಿಗೆ ಪುಕ್ಕಟೆ, ಕಾಯಲಾರದವ್ರಿಗೆ ರೊಕ್ಕ. ಇಷ್ಟ ನೋಡ್ರಿ ನಮ್ಮ ಧಂದೆ,” ಎನ್ನುತ್ತಾರೆ ಶರಣವ್ವ. ಆ ರೊಕ್ಕ ಎಷ್ಟು, ಯಾರಿಗೆ ಎಷ್ಟು, ಯಾವಾಗ ಎಷ್ಟು ಎಂಬುದನ್ನು ಕಟ್ಟುವವರು ಅವರು. ಕಂಪನಿಯ ಹೆಸರು ಪೇಪರಿನಲ್ಲಿ ಬಂದಾಗ ಅವರ ಹೆಸರು ಬಂದಿಲ್ಲ. ಫೋಟೊದಲ್ಲೂ ಅವರಿಲ್ಲ.

ಐವತ್ತಾರರ ಶರಣವ್ವ ಕಂಪ್ಯೂಟರ್ ಕಲಿತದ್ದು ಐವತ್ತೆರಡಕ್ಕೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಹುಬ್ಬಳ್ಳಿಯ ಒಂದು ಸೀರೆ ಅಂಗಡಿಯಲ್ಲಿ ಚೀಟಿ ಬರೆಯುತ್ತಿದ್ದರು. ಅಪ್ಪ ಅರಳೆ ದಲಾಲಿ. ವ್ಯಾಪಾರ ಕೈಹತ್ತದೆ ಮಲಗಿದಾಗ, ಕಾಲೇಜು ಮೆಟ್ಟಿಲು ಹತ್ತಿದ್ದ ಹುಡುಗಿ ಅಂಗಡಿಯ ಮೆಟ್ಟಿಲು ಹತ್ತಿದಳು. ಸೀರೆಗೆ ಕಟ್ಟುವ ಚೀಟಿಯ ಮೇಲೆ ಅಂಕಿ ಇರುತ್ತಿರಲಿಲ್ಲ, ಅಕ್ಷರಗಳಿರುತ್ತಿದ್ದವು. ಹತ್ತು ಅಕ್ಷರದ ಒಂದು ಗುಟ್ಟಿನ ಮಾತು, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಗಿರಾಕಿಗೆ ಕಾಣುವುದು ಅಕ್ಷರ, ಅಂಗಡಿಯವರಿಗೆ ಕಾಣುವುದು ಅಸಲು. ಅಂಗಡಿ ಮುಚ್ಚಿ ನಾಲ್ಕು ವರ್ಷವಾಯಿತು. ಆ ಹತ್ತಕ್ಷರ ಯಾವುದೆಂದು ಗಂಡ ಸಿದ್ದಲಿಂಗಪ್ಪ ಇವತ್ತಿಗೂ ಕೇಳುತ್ತಾರೆ. ಶರಣವ್ವ ಇವತ್ತಿಗೂ ಹೇಳಿಲ್ಲ.

ಅಸಲು ಗೊತ್ತಾದ ಮೇಲೆ ಹೇಳುವ ಬೆಲೆ ಎಷ್ಟು? ಅದಕ್ಕೆ ಅವರು ಗಿರಾಕಿಯ ಮುಖವಲ್ಲ, ಕಾಲು ನೋಡುತ್ತಿದ್ದರು. “ಮಾರಿ ಸುಳ್ಳು ಹೇಳ್ತೈತ್ರಿ. ಮದವಿಗೆ ಬಂದಾವ್ರು ಪಕ್ಕದ ಮನಿ ಸರಾ ಇಸಗೊಂಡು ಹಾಕ್ಕೊಂಡಿರ್ತಾರು. ಕಾಲು ಸುಳ್ಳು ಹೇಳೂದಿಲ್ಲ. ಒಡದ ಹಿಮ್ಮಡ, ಸವದ ಕಾಲುಂಗರ, ಚಪ್ಪಲಿ ಉಂಗುಟ. ನೋಡಿದ್ನೆಂದ್ರ ಅವ್ರ ಗಂಟಿನ್ಯಾಗ ಎಷ್ಟೈತಿ ಅಂತ ತಿಳೀತಿತ್ತು.” ಒಡೆದ ಹಿಮ್ಮಡಿಗೆ ಒಂದು ಬೆಲೆ, ಕಾರಿನಿಂದ ಇಳಿದ ಹಿಮ್ಮಡಿಗೆ ಇನ್ನೊಂದು. ಅಂಗಡಿಯ ಯಜಮಾನರ ಮೊಮ್ಮಗ ರೋಹಿತ ಓದು ಮುಗಿಸಿ ಆಟದ ಕಂಪನಿ ತೆರೆದಾಗ ಮೊದಲು ಕರೆದದ್ದು, ತಾನು ಕಾಕು ಅಂದರೆ ಚಿಕ್ಕಮ್ಮ ಎನ್ನುವ ಇವರನ್ನೇ. “ಕಾಕು, ಕೋಡ್ ಬರಿಯಾವ್ರು ಬೇಕಾದಷ್ಟು ಸಿಗ್ತಾರ. ರೇಟ್ ಹೇಳಾವ್ರು ಸಿಗೂದಿಲ್ಲ,” ಅಂದನಂತೆ.

ಬಂದರು. ಮೊದಲ ದಿನವೇ ಕಣ್ಣು ಕಾಲು ಹುಡುಕಿತು. ಇಲ್ಲಿ ಗಿರಾಕಿಗಳಿಗೆ ಕಾಲೇ ಇರಲಿಲ್ಲ. ಬರೀ ನಂಬರುಗಳು. ಎಲ್ಲಿಂದಲೋ ಬರುತ್ತವೆ, ಏನನ್ನೋ ಕೊಳ್ಳುತ್ತವೆ, ಹೋಗುತ್ತವೆ. ನಸುಕಿನಲ್ಲಿ ಅಂಗಳಕ್ಕೆ ಯಾರಾದರೂ ಬಂದರೆ ಮೊದಲು ಕಾಲು ನೋಡು, ಆಮೇಲೆ ಮಾತಾಡಿಸು ಎಂದು ಈ ಸೀಮೆಯ ಅಜ್ಜಿಯರೆಲ್ಲ ಮಕ್ಕಳಿಗೆ ಹೇಳಿರುತ್ತಾರೆ. ಕಾಲು ಕಾಣದಿದ್ದರೆ ಅದು ಯಾರೆಂದು ಹೇಳಿರುವುದಿಲ್ಲ. ಹೇಳಬೇಕಾಗಿಯೂ ಇಲ್ಲ.

ಲೆಕ್ಕ ಕೇಳಿದರೆ ಶರಣವ್ವ ಬೆರಳು ಮಡಚಿ ಹೇಳುತ್ತಾರೆ. ದಿನಕ್ಕೆ ಆಡುವವರು ಒಂದು ಲಕ್ಷ ನಲವತ್ತು ಸಾವಿರ. ನೂರರಲ್ಲಿ ತೊಂಬತ್ತೇಳು ಮಂದಿ ಎಂದೂ ಒಂದು ಪೈಸೆ ಬಿಚ್ಚುವುದಿಲ್ಲ. ಅವರಿಗೆ ಆಫೀಸಿನಲ್ಲಿ ‘ಪ್ರಸಾದದವರು’ ಎಂದು ಹೆಸರು. ಇಬ್ಬರು ಒಮ್ಮೆ ಇಪ್ಪತ್ತೊಂಬತ್ತು ರೂಪಾಯಿ ಕೊಟ್ಟು ಸುಮ್ಮನಾಗುತ್ತಾರೆ. ಉಳಿದ ಒಬ್ಬ ‘ಸಾವ್ಕಾರ’. “ಆ ಒಬ್ಬಾಂವನ ಮ್ಯಾಲೆ ಕಂಪನಿ ಉಣ್ತೈತಿ. ಆದ್ರ ಪ್ರಸಾದದವ್ರನ್ನ ಬೈಬಾರ್ದ್ರಿ. ಖಾಲಿ ಅಂಗಡಿಗೆ ಸಾವ್ಕಾರ ಬರ್ತಾನೇನು? ಗದ್ದಲ ಇರಬೇಕು.”

ಇದ್ದ ಕೈಚಳಕಗಳನ್ನೆಲ್ಲ ಸೀರೆ ಅಂಗಡಿಯಿಂದಲೇ ತಂದರು. ಆಟದಲ್ಲಿ ಎಂಟು ಸಾವಿರದ ಒಂಬೈನೂರು ರೂಪಾಯಿಯ ಒಂದು ಸಾಮಾನಿನ ಗಂಟಿದೆ. ಅದನ್ನು ಯಾರೂ ಕೊಳ್ಳುವುದಿಲ್ಲ. “ಅದು ಬಾಗಲದಾಗ ತೂಗಹಾಕಿದ ಜರಿ ಸೀರಿ. ಮಾರಾಕಲ್ಲ, ಬಾಜುಕಿಂದು ಅಗ್ಗ ಕಾಣ್ಲಿ ಅಂತ.” ಬಾಗಿಲ ತೋರಣಕ್ಕೆ ಎಂಬತ್ತು ಹರಳು ಬೇಕು; ಹರಳೆಂದರೆ ಆಟದೊಳಗಿನ ನಾಣ್ಯ. ಹರಳು ಮಾರುವುದು ಮಾತ್ರ ಎಪ್ಪತ್ತರ ಗಂಟಿನಲ್ಲಿ, ಇಲ್ಲವೇ ನೂರೈವತ್ತರ ಗಂಟಿನಲ್ಲಿ. ಹೇಗೆ ಕೊಂಡರೂ ಒಂದಿಷ್ಟು ಕಡಿಮೆ ಬೀಳುತ್ತದೆ ಅಥವಾ ಒಂದಿಷ್ಟು ಉಳಿಯುತ್ತದೆ. ಉಳಿದದ್ದು ಮತ್ತೆ ಕರೆಯುತ್ತದೆ. ಮನೆಗೆ ಹೆಸರಿನ ಹಲಗೆ ಹಾಕಿಸಲು ಇಪ್ಪತ್ತೊಂಬತ್ತು ರೂಪಾಯಿ. ಒಮ್ಮೆ ಗಂಟು ಬಿಚ್ಚಿದ ಕೈಗೆ ಎರಡನೇ ಸಲ ಬಿಚ್ಚುವುದು ಕಷ್ಟವಲ್ಲ. ಅದಕ್ಕೇ ಎಣ್ಣೆಗೆ ಒಂದು ಏಣಿ ಕಟ್ಟಿದರು: ಇಪ್ಪತ್ತೊಂಬತ್ತು, ನಲವತ್ತೊಂಬತ್ತು, ತೊಂಬತ್ತೊಂಬತ್ತು, ಹೀಗೆ ಎಂಟುನೂರಾ ತೊಂಬತ್ತೊಂಬತ್ತರವರೆಗೆ. ತಡಮಾಡದೆ ಕೊಡುವವನನ್ನು ಆಟ ತಾನೇ ಒಂದು ಮೆಟ್ಟಿಲು ಮೇಲೆ ಹತ್ತಿಸುತ್ತದೆ. ಕೊಡಲು ಹಿಂದೆಮುಂದೆ ನೋಡಿದರೆ ಒಂದು ಮೆಟ್ಟಿಲು ಇಳಿಸುತ್ತದೆ. ಇಬ್ಬರು ಗಿರಾಕಿಗಳಿಗೆ ಒಂದೇ ಬೆಲೆ ಕಾಣುವುದು ಅಪರೂಪ.

ಆದರೂ ಮೊದಮೊದಲು ಎಣ್ಣೆ ಹೋಗುತ್ತಿರಲಿಲ್ಲ. ಎಣ್ಣೆ ತೀರುವ ಹತ್ತು ನಿಮಿಷ ಮೊದಲು ಫೋನಿಗೆ ಬರುವ ಸಂದೇಶಕ್ಕೆ ಆಫೀಸಿನಲ್ಲಿ ‘ಕರೆ’ ಎಂದು ಹೆಸರು; ಅದರಲ್ಲಿ ‘ನಿಮ್ಮ ದೀಪದ ಎಣ್ಣೆ ಕಡಿಮೆಯಾಗಿದೆ’ ಎಂದಿತ್ತು. ಮಂದಿ ಅದನ್ನು ಒರೆಸಿಹಾಕಿ ಮಗ್ಗುಲಾಗುತ್ತಿದ್ದರು. ಎದೆಗೆ ನಾಟುವ ಹಾಗೆ ಬರೆದುಕೊಡು ಕಾಕು ಎಂದು ರೋಹಿತ ಕೇಳಿದ. ಶರಣವ್ವ ಹೊರಸಿನ ಮೇಲೆ ಕೂತು, ಹಳೆಯ ಚೀಟಿಯೊಂದರ ಹಿಂದೆ ಬರೆದರು: ‘ಮನಿ ದೀಪ ಆರಾಕತ್ತೈತಿ.’

ಬರೆದು ಕೈ ಹಿಂದೆಗೆದುಕೊಂಡರು. ದೀಪ ಆರಿತು ಎಂಬ ಮಾತನ್ನು ಯಾವ ಮನೆಯಲ್ಲೂ ಆಡುವುದಿಲ್ಲ. ಆರಿಸುವುದೇ ಇದ್ದರೂ ದೀಪ ಶಾಂತ ಮಾಡು ಎನ್ನುತ್ತಾರೆ. ಬೆಳಗಿನ ಜಾವ ಹಾಸಿಗೆಯಲ್ಲಿ ಕಣ್ಣು ಬಿಡುವವರಿಗೆ ಇದನ್ನು ಓದಿಸುವುದೆಂದರೇನು ಎಂದು ಅವರಿಗೆ ಗೊತ್ತಿತ್ತು. “ಗೊತ್ತಿದ್ದ ಬರದೇನ್ರಿ. ಗೊತ್ತಿರಲಿಲ್ಲಂದ್ರ ಸುಳ್ಳ ಆಕ್ಕೈತಿ,” ಎನ್ನುವಾಗ ಅವರು ಕಿಟಕಿಯ ಕಡೆ ನೋಡುತ್ತಾರೆ. ಹಲಗೆಯ ಮೇಲಿನ ಹೆಸರನ್ನೂ ಆಟ ಆ ಮಾತಿಗೆ ಜೋಡಿಸಿಕೊಂಡಿತು. ವಾರದಲ್ಲಿ ಎಣ್ಣೆಯ ಗಳಿಕೆ ಮೂರು ಪಟ್ಟು. ಆ ವರ್ಷದ ಬೋನಸ್ಸಿನಲ್ಲಿ ಬೈರಿದೇವರಕೊಪ್ಪದ ಅವರ ಮನೆಗೆ ಫ್ರಿಜ್ ಬಂತು. “ಅದರ ಬಾಗಲಾ ತಗದಾಗೊಮ್ಮೆ ಒಳಗ ದೀಪ ಹತ್ತತೈತಲ್ರಿ? ಇವತ್ತಿಗೂ ಬೆಚ್ಚತೇನಿ. ಹಾಲಿನ ಪಾಕೀಟ ಯಜಮಾನ್ರಿಗೇ ತಗೀರಿ ಅಂತೇನಿ.”

ನಸುಕಿನ ಆ ಹತ್ತು ನಿಮಿಷದಲ್ಲಿ ಶರಣವ್ವ ಕೆಲವೊಮ್ಮೆ ಬಿಟ್ಟುಹೋದ ಊರುಗಳನ್ನು ತೆರೆದು ನೋಡುತ್ತಾರೆ. ಆಡುವುದನ್ನು ನಿಲ್ಲಿಸಿದವರ ಊರುಗಳು ಅಳಿಸಿಹೋಗುವುದಿಲ್ಲ. ಎಣ್ಣೆ ಹಾಕುವವರಿಲ್ಲದೆ ಕತ್ತಲಲ್ಲಿ ಹಾಗೇ ನಿಂತಿರುತ್ತವೆ, ಒಂದಲ್ಲ, ಒಂಬತ್ತು ಲಕ್ಷ. ಬಾಗಿಲ ಮೇಲೆ ಹೆಸರಿನ ಹಲಗೆ ಹಾಗೇ ಇದೆ. ಬೀದಿಯಲ್ಲೊಂದು ನಾಯಿ, ಅದಕ್ಕೆ ಯಜಮಾನ ಬಿಟ್ಟುಹೋದದ್ದು ಗೊತ್ತಿಲ್ಲ. ಕತ್ತಲ ಮನೆಗಳ ನಡುವೆ ಬಾಲ ಆಡಿಸುತ್ತ, ಯಾರೋ ಬರುತ್ತಿದ್ದಾರೆ ಎಂಬಂತೆ ರಸ್ತೆಯ ತುದಿ ನೋಡುತ್ತಿರುತ್ತದೆ. ಅದಕ್ಕೆ ಹಾಗೆ ನೋಡಲು ಕಲಿಸಿದವನು ಕೋಡ್ ಬರೆಯುವ ಮುಜಮ್ಮಿಲ. ಅವನು ಮಾತ್ರ ಆ ಊರುಗಳನ್ನು ತೆರೆಯುವುದಿಲ್ಲ.

ಉರಿಯುವ ಊರುಗಳಲ್ಲಿ ಒಂದು ನಂಬರು ಅವರನ್ನು ಕಾಡತೊಡಗಿತು. ಕೊನೆಯ ನಾಲ್ಕಂಕಿ 4471. ಐದು ಇಪ್ಪತ್ತಕ್ಕೆ ಕರೆ ಹೋಗುತ್ತದೆ. ಐದು ಇಪ್ಪತ್ತರ ಮೇಲೆ ನಾಲ್ಕು ಸೆಕೆಂಡಿಗೆ ರೊಕ್ಕ ಬರುತ್ತದೆ. ದಿನಾ ನಾಲ್ಕೇ ಸೆಕೆಂಡು. ಹಬ್ಬವಿರಲಿ, ಮಳೆಯಿರಲಿ. ಏಣಿಯ ಮೆಟ್ಟಿಲುಗಳನ್ನು ಒಂದೂ ಬಿಡದೆ ಹತ್ತಿ ಎಂಟುನೂರಾ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. ಊರು ತೆರೆದು ನೋಡಿದರೆ ಉಳಿದ ಮನೆಗಳೆಲ್ಲ ಕತ್ತಲು, ಒಂದೇ ಮನೆಯ ದೀಪ ಉರಿಯುತ್ತಿದೆ. ಹಲಗೆಯ ಮೇಲೆ ‘ನಮ್ಮವರು’ ಎಂದಿದೆ. “ಮೂವತ್ತೊಂದು ವರ್ಷದಾಗ ಚೌಕಾಸಿ ಮಾಡಲಾರದ ಗಿರಾಕಿ ನಾ ನೋಡಿಲ್ರಿ. ಮನಷಾ ಅಂದಮ್ಯಾಲೆ ಒಂದ ದಿನಾರ ಮೂಗು ಮುರೀತಾನು. ಇದು ಮನಷಾ ಅಲ್ಲ ಅಂತ ಅನಸಾಕ ಹತ್ತಿತ್ತು.” ರೋಹಿತನಿಗೆ ಹೇಳಿದರೆ ಅವನು ನಕ್ಕ. “ಬಂಗಾರದಂಥಾ ಸಾವ್ಕಾರ ಕಾಕು. ದಿಟ್ಟಿ ಹಚ್ಚಬ್ಯಾಡ.”

ಹೋದ ಮಾಘದ ಒಂದು ಬೆಳಗು ಆ ರೊಕ್ಕ ಬರಲಿಲ್ಲ. ಬ್ಯಾಂಕಿನ ಸರ್ವರು ಬಿದ್ದಿತ್ತು. ಐದೂವರೆಗೆ ‘ನಮ್ಮವರು’ ಕತ್ತಲಾಯಿತು. ಆರೂ ಇಪ್ಪತ್ತಕ್ಕೆ ಕಾವಲಿನ ಯಂಕಣ್ಣ ಮೆಟ್ಟಿಲು ಹತ್ತಿ ಬಂದು ತಲೆ ಕೆರೆದುಕೊಂಡ. “ಕಾಕು, ಕೆಳಗ ಯಾರೋ ಅಮ್ಮಾರು ಬಂದಾರ. ದೀಪಕ್ಕ ಎಣ್ಣಿ ಹಾಕಿಸಬೇಕಂತ. ಇದನ್ನ ಗುಡಿ ಅಂತ ತಿಳದಾರೇನ್ರೀ?”

ಗಾಜಿನ ಬಾಗಿಲಾಚೆ ಒಂದು ನೆರಳು ನಿಂತಿತ್ತು. ಹೊರಗೆ ಮಂಜು, ಮುಖ ಕಾಣದು. ಶರಣವ್ವನ ಕಣ್ಣು ತಾನಾಗಿ ಕೆಳಗಿಳಿಯಿತು. ಕಾಲುಗಳಿದ್ದವು. ಇಬ್ಬನಿಗೆ ನೆನೆದ, ಮುದಿ ಕಾಲುಗಳು. ಒಂದರಲ್ಲಿ ಹೆಂಗಸರ ಚಪ್ಪಲಿ, ಇನ್ನೊಂದರಲ್ಲಿ ಗಂಡಸರದು. ಅವಸರದಲ್ಲಿ ಮೆಟ್ಟಿ ಬಂದದ್ದು.

4471 ಅಂದರೆ ಆಕೆಯೇ: ಲಕ್ಷ್ಮೀಬಾಯಿ, ಎಪ್ಪತ್ತೊಂದರ ನಿವೃತ್ತ ಗಣಿತ ಶಿಕ್ಷಕಿ, ಎಲ್ಲರ ಬಾಯಲ್ಲಿ ‘ಬಾಯಾರು’, ಧಾರವಾಡದ ಮಾಳಮಡ್ಡಿಯವರು. ಪೇಪರಿನಲ್ಲಿ ಓದಿದ್ದ ಕಂಪನಿಯ ವಿಳಾಸ ಹಿಡಿದು ಮೊದಲ ಬಸ್ಸಿಗೆ ಬಂದಿದ್ದರು. ಕರವಸ್ತ್ರದ ಗಂಟಿನಲ್ಲಿ ಎಂಟುನೂರಾ ತೊಂಬತ್ತೊಂಬತ್ತು ರೂಪಾಯಿ, ಚಿಲ್ಲರೆ ಸಮೇತ. “ರೊಕ್ಕಾ ಕೈಯಾಗೇ ತೊಗೊಳ್ರಿ. ಲಗೂನ ಎಣ್ಣಿ ಹಾಕ್ರಿ. ಕತ್ತಲಾಗಿ ಒಂದ ತಾಸಾತು,” ಎಂದರು. ಎರಡು ವರ್ಷದ ಹಿಂದೆ ಗಂಡ ಶ್ರೀರಂಗರಾಯರ ಎದೆಯ ಆಪರೇಶನ್. ಆಸ್ಪತ್ರೆಯ ಪಡಸಾಲೆಯಲ್ಲಿ ಹೊತ್ತು ಹೋಗಲೆಂದು ಆಟ ಇಳಿಸಿಕೊಂಡಿದ್ದರು. ಗಂಡನ ಹೆಸರು ಹಿಡಿಯಬಾರದೆಂದು ಹಲಗೆಯ ಮೇಲೆ ‘ನಮ್ಮವರು’ ಎಂದು ಬರೆಸಿದ್ದರು. ಅವರನ್ನು ಆಪರೇಶನ್ನಿಗೆ ಒಳಗೊಯ್ದ ಬೆಳಗ್ಗೆ ಫೋನು ಮಿಣಕ್ಕೆಂದಿತು: ‘ನಮ್ಮವರು’ — ಈ ಮನಿ ದೀಪ ಆರಾಕತ್ತೈತಿ. ಇಪ್ಪತ್ತೊಂಬತ್ತು ರೂಪಾಯಿ ಕೊಟ್ಟರು. ರಾಯರು ಬದುಕಿ ಬಂದರು. ಅವತ್ತಿನಿಂದ ಬಾಯಾರು ನಾಲ್ಕಕ್ಕೇ ಎದ್ದು, ಫೋನನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳು ಎತ್ತಿ ಹಿಡಿದು ಕೂರುತ್ತಾರೆ. ಪಿಂಚಣಿಯಲ್ಲಿ ಉಳಿಯುವುದು ಹಾಲು, ಔಷಧಿಗೆ ಮಾತ್ರ. ಹೆಂಡತಿ ಜಪಕ್ಕೆ ಕೂರುತ್ತಾಳೆಂದು ರಾಯರು ತಿಳಿದಿದ್ದಾರೆ.

“ಬಾಯಾರ, ಇದು ಆಟರಿ,” ಎಂದರು ಶರಣವ್ವ.

“ಗೊತ್ತದ. ಮೂವತ್ತಾರು ವರ್ಷ ಲೆಕ್ಕಾ ಕಲಿಸೀನಿ. ಇದಕ್ಕೂ ಅದಕ್ಕೂ ಏನೂ ಸಂಬಂಧಿಲ್ಲ ಅಂತ ಬೋರ್ಡಿನ ಮ್ಯಾಲೆ ಬರದು ತೋರಸ್ತೀನಿ ಬೇಕಾದ್ರ. ಗೊತ್ತಿದ್ರ ಭಯ ಹೋಗ್ತದೇನವಾ?”

ಶರಣವ್ವ ಕರವಸ್ತ್ರವನ್ನು ಅವರ ಕೈಗೇ ಮರಳಿಸಿ, ನಾನೇ ಎಣ್ಣೆ ಹಾಕುತ್ತೇನೆ ಎಂದರು. ಬಾಯಾರು ಒಪ್ಪಲಿಲ್ಲ. ಪುಕ್ಕಟೆ ಎಣ್ಣೆಯಲ್ಲಿ ಹಚ್ಚಿದ ದೀಪದ ಫಲ ಹಚ್ಚಿದವರಿಗೆ ಮುಟ್ಟುವುದಿಲ್ಲ ಎಂದರು. ಆಗ ಶರಣವ್ವ ಜೀವಮಾನದಲ್ಲಿ ಮಾಡದ ಉಲ್ಟಾ ಚೌಕಾಸಿಗೆ ಇಳಿದರು.

“ಹಂಗಾರ ಹತ್ತ ರೂಪಾಯಿ ಕೊಡ್ರಿ. ಇವತ್ತ ರೇಟ್ ಇಳದೈತಿ.”

“ನಿನ್ನೆ ಎಂಟನೂರಾ ತೊಂಬತ್ತೊಂಬತ್ತ ಇತ್ತಲ್ಲ? ಅಗ್ಗದ ಎಣ್ಣಿ ತಾಳ್ತದೇನು?”

“ಎಣ್ಣಿ ಅದೇ ರೀ ಬಾಯಾರ. ಬೆಲಿ ಅಷ್ಟ ನಾವು ಕಟ್ಟಿದ್ದು.”

ಹತ್ತು ರೂಪಾಯಿ ತೆಗೆದುಕೊಂಡರು. ದೀಪ ಹತ್ತಿತು. ಬಾಯಾರು ಫೋನನ್ನು ಕಣ್ಣಿಗೆ ಒತ್ತಿಕೊಂಡು ಬಸ್ಸಿಗೆ ಹೋದರು. ಅವರಂಥವರು ಎಷ್ಟಿದ್ದಾರೆಂದು ಶರಣವ್ವ ಮಧ್ಯಾಹ್ನದವರೆಗೆ ಕೂತು ತೆಗೆದರು. ಹಲಗೆಗೆ ಹೆಸರು ಬರೆಸಿ, ಕರೆ ಬಂದ ಮೊದಲ ನಿಮಿಷದಲ್ಲೇ ಕೊಡುವವರು, ಏಣಿಯ ತುದಿಯಲ್ಲಿ ನಿಂತವರು: ಇನ್ನೂರಾ ಹನ್ನೆರಡು ಮಂದಿ. ಹಲಗೆಗಳನ್ನು ಒಂದೊಂದಾಗಿ ಓದಿದರು. ‘ಅಪ್ಪಾಜಿ’. ‘ಸಣ್ಣ ಕೂಸು’. ‘ತಮ್ಮ, ದುಬೈ’.

ಕರೆಯಿಂದ ಈ ಮಾತು ಕಿತ್ತುಹಾಕಬೇಕು, ಏಣಿ ಮುರಿಯಬೇಕು ಎಂದು ಪಟ್ಟಿಯನ್ನು ರೋಹಿತನ ಮುಂದಿಟ್ಟರು. ಅವನು ಓದಿ ಬದಿಗಿಟ್ಟ. “ಕಾಕು, ನಾಲ್ಕರಾಗ ಒಂದ ಭಾಗ ಗಳಿಕಿ ಇವ್ರಿಂದನ ಐತಿ. ಹದಿನಾಲ್ಕು ಮಂದಿ ಪಗಾರ. ಆಟ ಇದು, ಆಟಾ. ನಾವೇನ ಯಾರ್ನರ ಹಿಡದ ಕಟ್ಟೇವೇನು?”

“ಆಟ ಹೌದಲ್ಲೋ? ಹಂಗಾರ ನಾಳೆ ಐದೂ ಹದಿನೈದಕ್ಕ ಬಾ. ಒಂದ ಪೈಸೆ ಕೊಡಲಾರ್ದ ಹತ್ತ ನಿಮಿಷ ಕುಂದರು. ಕುಂತಿ ಅಂದ್ರ ನಾ ಈ ಮಾತ ಎತ್ತೂದಿಲ್ಲ. ಕೆಲಸಾನೂ ಬಿಡ್ತೇನಿ.”

ಬಂದ. ಚಹಾದ ಕಪ್ಪು ಹಿಡಿದು, ಕಾಲ ಮೇಲೆ ಕಾಲು ಹಾಕಿ ಕೂತ. ಶರಣವ್ವ ಅವನ ಫೋನಿನಲ್ಲಿ ಹೊಸ ಊರು ತೆರೆದು ಒಂದು ಮನೆಗೆ ಹಲಗೆ ಹಾಕಿದರು: ‘ಸುರಭಿ’. ಅವನ ಎಂಟು ತಿಂಗಳ ಮಗಳು. ಬೆಲೆಯನ್ನು ನೇರ ಏಣಿಯ ತುದಿಗಿಟ್ಟರು. ಐದು ಇಪ್ಪತ್ತಕ್ಕೆ ಫೋನು ಮಿಣಕ್ಕೆಂದಿತು. ‘ಸುರಭಿ’ — ಈ ಮನಿ ದೀಪ ಆರಾಕತ್ತೈತಿ. ರೋಹಿತ ನಕ್ಕ. ಮುಜಮ್ಮಿಲ ಬಾಗಿಲಲ್ಲಿ ನಿಂತಿದ್ದ, ಅವನು ನಗಲಿಲ್ಲ. ಐದು ನಿಮಿಷ ಉಳಿದಾಗ ರೋಹಿತ ಕ್ರಿಕೆಟ್ಟಿನ ಮಾತು ತೆಗೆದ. ಮೂರು ನಿಮಿಷ ಉಳಿದಾಗ ಅದು ತಾನಾಗಿ ನಿಂತಿತು. ತೆರೆಯ ಮೇಲೆ ಬತ್ತಿ ಸಣ್ಣಗಾಗುತ್ತ ಬಂತು. ಮನೆಯ ಕಿಟಕಿಗಳು ಒಂದೊಂದಾಗಿ ಕಪ್ಪಾದವು. ಬೀದಿಯ ನಾಯಿ ಎದ್ದು ಬಾಗಿಲ ಕಡೆ ತಿರುಗಿತು. ಒಂದು ನಿಮಿಷ. ನಲವತ್ತು ಸೆಕೆಂಡು ಉಳಿದಾಗ ರೋಹಿತನ ಹೆಬ್ಬೆರಳು ಗಾಜಿಗೆ ಬಡಿಯಿತು. ಎಂಟುನೂರಾ ತೊಂಬತ್ತೊಂಬತ್ತು ರೂಪಾಯಿ. ದೀಪ ಎದ್ದು ನಿಂತಿತು.

“ಪೇಮೆಂಟ್ ಸರಿ ನಡದೈತೋ ಇಲ್ಲೋ ನೋಡಿದ್ನಿ ಕಾಕು,” ಎಂದ. ಹೊರಗೆ ಹೋಗಿ ಮನೆಗೆ ಫೋನು ಹಚ್ಚಿ, ಕೂಸು ಎದ್ದಿದೆಯೇ ಎಂದು ಕೇಳಿದ. ಅಷ್ಟು ಹೊತ್ತಿಗೇಕೆ ಫೋನು ಮಾಡಿದಿರಿ ಎಂದು ಹೆಂಡತಿ ಬೈದದ್ದು ಒಳಗಿನವರಿಗೂ ಕೇಳಿಸಿತು.

ಅವತ್ತು ಸಂಜೆಯೊಳಗೆ, ರೋಹಿತ ಹೇಳಿದ ಮೇಲೆ, ಮುಜಮ್ಮಿಲ ಆ ಮಾತನ್ನು ಆಟದಿಂದ ಕಿತ್ತುಹಾಕಿದ. ಈಗ ಕರೆಯಲ್ಲಿ ಇಷ್ಟೇ ಇದೆ: ‘ಎಣ್ಣಿ ತೀರಾಕತ್ತೈತಿ. ಅವಸರಿಲ್ಲ, ಎಳ್ಳು ಬೆಳ್ಯಾಕತ್ತೈತಿ.’ ಯಾರ ಹೆಸರೂ ಇಲ್ಲ. ಎಣ್ಣೆಗೆ ಏಣಿಯಿಲ್ಲ, ಎಲ್ಲರಿಗೂ ಹತ್ತೇ ರೂಪಾಯಿ. ಅದಕ್ಕಿಂತ ಕೆಳಗೆ ಇಳಿಯಲು ಫೋನಿನೊಳಗಿನ ಆ್ಯಪ್ ಅಂಗಡಿ ಬಿಡುವುದಿಲ್ಲ. ರೋಹಿತ ಪೂರ್ತಿ ಬದಲಾದನೆಂದಲ್ಲ. ಕಡಿಮೆಯಾದ ಗಳಿಕೆಗೆ ರಂಗೋಲಿ, ಪಟಾಕಿ, ಬಣ್ಣದ ಹೆಂಚು ಮಾರುತ್ತಾನೆ. ಅವುಗಳಿಗೆ ಬೆಲೆ ಕಟ್ಟುವವರೂ ಶರಣವ್ವನೇ. ಬೋನಸ್ಸು ನಿಂತಿದೆ. “ಚಂದಕ್ಕ ರೊಕ್ಕಾ ಕೊಡ್ಲಿ, ಬೇಕಾದಷ್ಟ ಹೇಳ್ತೇನಿ. ಹೆದರಿಕಿಗೆ ಬ್ಯಾಡ,” ಎನ್ನುತ್ತಾರೆ. ಇನ್ನೂರಾ ಹನ್ನೆರಡರಲ್ಲಿ ನೂರಾ ಅರವತ್ತು ಮಂದಿ ತಿಂಗಳೊಳಗೆ ಕೊಡುವುದನ್ನೇ ಬಿಟ್ಟರು. 4471 ಮಾತ್ರ ಬಿಡಲಿಲ್ಲ. ಹತ್ತು ರೂಪಾಯಿ, ಐದು ಇಪ್ಪತ್ತು, ನಾಲ್ಕು ಸೆಕೆಂಡು.

ಕಳೆದ ತಿಂಗಳ ಒಂದು ಮಂಗಳವಾರ ಆ ನಾಲ್ಕು ಸೆಕೆಂಡು ಕಳೆದವು. ನಿಮಿಷ ಕಳೆಯಿತು. ಐದೂವರೆಗೆ ಮನೆ ಕತ್ತಲಾಯಿತು. ಬ್ಯಾಂಕು ಸರಿಯಿತ್ತು. ಆರಾಯಿತು, ಆರೂವರೆಯಾಯಿತು. ಶರಣವ್ವ ಚೀಲ ಎತ್ತಿಕೊಂಡು ಧಾರವಾಡದ ಬಸ್ಸು ಹತ್ತಿದರು. ಬಾಯಾರು ಅವತ್ತು ಹೇಳಿದ್ದ ಗುರುತು ಹಿಡಿದು ಹೋದರೆ, ಮಾಳಮಡ್ಡಿಯ ಆ ಮನೆಯ ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲೆ ಹಾಲಿನ ಪಾಕೀಟು, ಪೇಪರು ಬಿದ್ದಲ್ಲೇ ಬಿದ್ದಿದ್ದವು. ಅಂಗಳಕ್ಕೆ ನೀರು ಬಿದ್ದಿರಲಿಲ್ಲ. ಚಿಲಕ ಬಡಿದರು. ಒಳಗೆ ಸದ್ದಿಲ್ಲ. ಇನ್ನೊಮ್ಮೆ ಬಡಿದರು. ಆ ಓಣಿಯಲ್ಲಿ ಅಷ್ಟು ಹೊತ್ತಿಗೆ ಒಂದು ಕಾಗೆಯೂ ಕೂಗಲಿಲ್ಲ ಎಂದು ಅವರಿಗೆ ನೆನಪು. ಮೂರನೇ ಸಲ ಬಡಿದಾಗ ಒಳಗೆಲ್ಲೋ ಏನೋ ಎಳೆದಂತಾಯಿತು. ಬಾಗಿಲು ತೆರೆಯಿತು.

ಲಕ್ಷ್ಮೀಬಾಯಿ. ಕೂದಲು ಬಿಚ್ಚಿದೆ, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿದೆ. “ಅಯ್ಯ, ಎಷ್ಟಾತವಾ? ಎಚ್ಚರಾನೇ ಆಗ್ಲಿಲ್ಲ ನೋಡು. ಎರಡ ವರ್ಷಾಗಿತ್ತು ಹಿಂಗ ನಿದ್ದಿ ಹತ್ತಿ.” ಒಳಗಿನಿಂದ ಶ್ರೀರಂಗರಾಯರ ದನಿ ಬಂತು. “ಯಾರದು ಬಂದಿದ್ದು? ಇವತ್ತ ಚಹಾದ ಸುದ್ದೀನೇ ಇಲ್ಲಲ್ಲ ನಿನ್ನ ಜಪದಾಗ?” ಬಾಯಾರು ತಟ್ಟನೆ ನಿಂತರು. ಗಡಿಯಾರ ನೋಡಿದರು, ಫೋನು ನೋಡಿದರು, ಗಂಡನ ಕೋಣೆಯ ಕಡೆ ನೋಡಿದರು. ರಾಯರು ಮತ್ತೊಮ್ಮೆ ಚಹಾ ಕೇಳಿದರು, ಈ ಸಲ ಸಿಟ್ಟಿನಿಂದ. ಬಾಯಾರು ಫೋನನ್ನು ಮಗುಚಿಟ್ಟು ಒಲೆ ಹಚ್ಚಲು ಹೋದರು.

ಶರಣವ್ವ ಚಹಾ ಕುಡಿದು, ಒಂಬತ್ತರ ಬಸ್ಸಿಗೆ ರಾಯಾಪುರಕ್ಕೆ ಮರಳಿದರು. ಅವತ್ತು ನಡುವೆ ಕೆಲಸ ಬಿಟ್ಟು ಹೋದದ್ದಕ್ಕೆ ಅರ್ಧ ದಿನದ ರಜೆ ಬಿತ್ತು. ಅವರು ತಕರಾರು ಮಾಡಲಿಲ್ಲ. “ಮೂವತ್ತೈದು ವರ್ಷಾತ್ರಿ ಮಾರಾಕ ಹತ್ತಿ. ಗಿರಾಕಿ ಬರ್ಲಿಲ್ಲಂತ ಖುಷಿ ಆಗಿದ್ದು ಅದೊಂದ ದಿನ,” ಎನ್ನುತ್ತಾರೆ.